ಯಾರ ಮನೆಗೆ ಬಂದದ್ದು? ಕಡಲ ದಂಡೆಯ ಅರ್ಧ ಖಾಲಿ ಊರಿನ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ತಿಂಗಳು ಈ ಅಂಕಣದಲ್ಲಿ, ಘಟ್ಟದ ಕೆಳಗಿನ ಒಂದು ಕಾಟೇಜು ಬಡಾವಣೆಯನ್ನು ನೋಡಿ ಬಂದ ಬಗ್ಗೆ ಬರೆದಿದ್ದೆ. ಓದದೇ ಇದ್ದವರಿಗಾಗಿ ಸಂಕ್ಷೇಪವಾಗಿ ಹೇಳುವುದಾದರೆ, ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯ ಕೆಲವು ಕುಟುಂಬಗಳು 1990ಕ್ಕೂ ಸ್ವಲ್ಪ ಮೊದಲು, ಬೇಸಿಗೆ ರಜೆಯಲ್ಲಿ ಮಕ್ಕಳೊಡನೆ ಬಂದಿರಲೆಂದು ಒಟ್ಟಾಗಿ ಕಟ್ಟಿಸಿಕೊಂಡ ಸುಮಾರು ಮೂವತ್ತು ಸಣ್ಣ ಮನೆಗಳು ಅಲ್ಲಿವೆ. ಈಜುಕೊಳ, ಊಟದ ಹಾಲ್, ಮಕ್ಕಳ ಜಾರುಬಂಡಿ ಎಲ್ಲವೂ ಇದ್ದ ಜಾಗ ಅದು. ಈಗ ಏಳೆಂಟು ಮನೆಗಳಲ್ಲಿ ಮಾತ್ರ ಜನರ ಓಡಾಟವಿದೆ. ಉಳಿದವುಗಳಲ್ಲಿ ಕೆಲವಕ್ಕೆ ಬೀಗ ಬಿದ್ದಿದೆ, ಕೆಲವಕ್ಕೆ ಬೀಗ ಹಾಕಲು ಬಾಗಿಲೇ ಉಳಿದಿಲ್ಲ. ಆ ಬರಹಕ್ಕೆ ಬಂದ ಪತ್ರಗಳು ಬಹಳ. ಅವುಗಳಲ್ಲಿ ಆರನ್ನು ಆರಿಸಿ, ಕಟ್ಟಡಗಳ ಕೆಲಸದಲ್ಲೇ ಮೂವತ್ತು ವರ್ಷ ಕಳೆದವನಾಗಿ ನನಗೆ ತಿಳಿದಷ್ಟನ್ನು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಆ ಬಡಾವಣೆಯಲ್ಲಿ ಹಲವು ಮನೆಗಳು ಬಾಗಿಲು ತೆರೆದುಕೊಂಡೇ ಇವೆ ಎಂದು ಬರೆದಿದ್ದೀರಿ. ಪರೀಕ್ಷೆ ಮುಗಿದ ಮೇಲೆ ನಾವು ಆರು ಮಂದಿ ಗೆಳತಿಯರು ಅಲ್ಲಿಗೆ ಹೋಗಿ ಒಳಗಿನ ಫೋಟೊಗಳನ್ನು ತೆಗೆಯಬೇಕೆಂದಿದ್ದೇವೆ. ಯಾರೂ ಇಲ್ಲದ ಮನೆಯೊಳಗೆ ಹೋದರೆ ತಪ್ಪೇನು? ಊರಿನ ಹೆಸರನ್ನು ನೀವೇಕೆ ಬರೆಯಲಿಲ್ಲ?
— ಪದವಿ ವಿದ್ಯಾರ್ಥಿನಿ, ಸಾಗರ

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರವನ್ನು ನನಗೆ ಹೇಳಿಕೊಟ್ಟವರು ಅಲ್ಲಿಯ ಕಾವಲುಗಾರರ ಹೆಂಡತಿ. ನಾನು ಮೊದಲ ಸಾಲಿನ ಒಂದು ಮನೆಯ ಹೊಸ್ತಿಲು ದಾಟಲು ಕಾಲೆತ್ತಿದ್ದೆ. ಕದ ಒಂದೇ ತಿರುಗಣಿಯ ಮೇಲೆ ಜೋತು ಬಿದ್ದಿತ್ತು. ಚಿಲಕ ಮುಟ್ಟಿದರೆ ತುಕ್ಕು ಹಲಸಿನ ತೊಗಟೆಯಂತೆ ಪದರ ಪದರವಾಗಿ ಕಳಚಿ ಬೆರಳಿಗೆ ಅಂಟುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿಸಿತು: "ಯಾರ್ ಮನಿಗ್ ಬಂದದ್ದ್ ಮರಾಯ್ರೆ?" ತಿರುಗಿ ನೋಡಿದರೆ, ನೀರು ಬತ್ತಿದ ಈಜುಕೊಳದ ನೀಲಿ ಬಿಲ್ಲೆಗಳ ಮೇಲೆ ಆ ತಾಯಿ ಒಣಮೀನು ಹರಡುತ್ತಿದ್ದರು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ಮಲೆನಾಡಿನಲ್ಲೂ ಅಪರಿಚಿತರು ಕಂಡರೆ ಮೊದಲು ಕೇಳುವ ಮಾತು ಅದೇ ಅಲ್ಲವೇ, ಯಾರ ಮನೆಗೆ ಬಂದಿದ್ದು ಎಂದು? ಎತ್ತಿದ ಕಾಲನ್ನು ಹಿಂದೆ ತೆಗೆದುಕೊಂಡೆ. ಆಮೇಲೆ ಅವರೇ ಒಂದೊಂದು ಮನೆಯ ಮುಂದೆ ನಿಂತು, ಇದು ಇಂಥ ಡಾಕ್ಟರರದು, ಇದು ಜವಳಿ ಅಂಗಡಿಯವರದು, ಇವರ ಮಗಳು ಅಮೆರಿಕದಲ್ಲಿದ್ದಾಳೆ, ಇವರು ಹೋದ ವರ್ಷ ತೀರಿಕೊಂಡರು ಎಂದು ಹೇಳುತ್ತ ಹೋದರು. "ಮನಿ ಹಾಳ್ ಬಿದ್ದದ್ದಲ್ಲ, ಯಜಮಾನ್ರ್ ಬರ್ಲಿಲ್ಲ ಅಷ್ಟೆ" ಎಂಬುದು ಅವರ ಮಾತು. ಅವರ ಲೆಕ್ಕದಲ್ಲಿ ಆ ಮೂವತ್ತು ಮನೆಗಳಲ್ಲಿ ಒಂದೂ ವಾರಸುದಾರರಿಲ್ಲದ್ದಲ್ಲ.

ಕಾನೂನು ಹೇಳುವುದೂ ಹೆಚ್ಚು ಕಡಿಮೆ ಅದನ್ನೇ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 329ನೆಯ ಕಲಮು ಅತಿಕ್ರಮ ಪ್ರವೇಶವನ್ನು ಕುರಿತದ್ದು. ಮನೆಯೊಳಗೆ ನಡೆದ ಅತಿಕ್ರಮಕ್ಕೆ ಒಂದು ವರ್ಷದವರೆಗೆ ಸೆರೆವಾಸವನ್ನೋ ಐದು ಸಾವಿರ ರೂಪಾಯಿಯವರೆಗೆ ದಂಡವನ್ನೋ ಎರಡನ್ನೂ ಸೇರಿಸಿಯೋ ವಿಧಿಸಬಹುದು. ಅಪರಾಧ ಎಸಗುವ, ಹೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶವಿದ್ದರೆ ಮಾತ್ರ ಅದು ಅಪರಾಧವೆನಿಸುತ್ತದೆ ಎಂಬುದು ನಿಜವಾದರೂ, ಹೊರಗೆ ಹೋಗಿ ಎಂದು ಮಾಲೀಕರ ಕಡೆಯವರು ಹೇಳಿದ ಮೇಲೂ ಅಲ್ಲೇ ನಿಂತು ವಾದಿಸುವವರಿಗೆ ಉದ್ದೇಶ ಒಳ್ಳೆಯದಿತ್ತೆಂದು ತೋರಿಸುವುದು ಸುಲಭವಲ್ಲ. ಬಾಗಿಲು ತೆರೆದಿತ್ತು ಎಂಬುದು ಒಪ್ಪಿಗೆಯಾಗುವುದಿಲ್ಲ.

ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಎರಡು ವರ್ಷಗಳ ಹಿಂದೆ ಯಾರೋ ಆ ಜಾಗದ ವಿಡಿಯೊ ಮಾಡಿ, ದಾರಿಯ ಗುರುತಿನೊಂದಿಗೆ ಹರಿಬಿಟ್ಟರಂತೆ. ಅದಾಗಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಖಾಲಿ ಮನೆಗಳ ಹಿತ್ತಾಳೆ ನಲ್ಲಿಗಳು, ಕಿಟಕಿಯ ಸರಳುಗಳು, ಎರಡು ಮನೆಗಳ ಸಾಗುವಾನಿ ಕದಗಳು ಕಾಣೆಯಾದವು. ವಿಡಿಯೊ ಮಾಡಿದವರು ಕಳ್ಳರಲ್ಲ. ಆದರೆ ಕಳ್ಳರಿಗೆ ದಾರಿ ತೋರಿಸಿದಂತಾಯಿತು. ನೀವು ಖಂಡಿತ ಹೋಗಿ. ಗೇಟಿನ ಪಕ್ಕದ ಮನೆಯಲ್ಲಿ ಕಾವಲುಗಾರರ ಕುಟುಂಬವಿದೆ. ಮೊದಲು ಅವರನ್ನು ಕಂಡು, ಹೆಸರು ಹೇಳಿ, ಬಂದ ಕಾರಣವನ್ನು ತಿಳಿಸಿ. ರಸ್ತೆಯಿಂದ, ಅಂಗಳದಿಂದ ಎಷ್ಟು ಬೇಕಾದರೂ ಫೋಟೊ ತೆಗೆಯಿರಿ. ಒಳಗಿನದು ಬೇಕೆಂದರೆ ಅವರು ಮಾಲೀಕರಿಗೆ ಫೋನ್ ಮಾಡಿ ಕೇಳುತ್ತಾರೆ; ನನಗೆ ಹಾಗೆ ಕೇಳಿ ಎರಡು ಮನೆ ತೋರಿಸಿದರು, ಮೂರನೆಯದಕ್ಕೆ ಬೇಡ ಎಂದರು. ಆ ಮೂರನೆಯ ಮನೆಯ ಕಿಟಕಿಯಲ್ಲಿ ಯಾರದೋ ಮಗುವಿನ ಪುಟ್ಟ ಪ್ಲಾಸ್ಟಿಕ್ ಬಕೆಟ್ಟು ಇನ್ನೂ ಇತ್ತು. ಬೇಡ ಎಂದದ್ದು ಸರಿಯೆಂದು ನನಗೂ ಅನ್ನಿಸಿತು.

ಪ್ರಶ್ನೆ: ನಮ್ಮದು ಆಗುಂಬೆ ಹತ್ತಿರದ ಹಳೆಯ ತೊಟ್ಟಿಮನೆ, ಅಜ್ಜನ ತಂದೆ ಕಟ್ಟಿಸಿದ್ದು. ಈ ಪರಿಯ ಮಳೆಯಲ್ಲೂ ಗಟ್ಟಿಯಾಗಿದೆ. ಬರೀ ಮೂವತ್ತೈದು ವರ್ಷದ ಸಿಮೆಂಟಿನ ಮನೆಗಳು ಅಲ್ಲಿ ಬೀಳುತ್ತಿವೆಯೆಂದರೆ ಕಟ್ಟಿದವರು ಮೋಸ ಮಾಡಿರಬೇಕಲ್ಲವೇ?
— ಕೃಷಿಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೋಸವೆಂದು ಹೇಳಲಾರೆ. ಅಜ್ಞಾನ ಸ್ವಲ್ಪ ಇದ್ದಿರಬಹುದು. ಮುಖ್ಯ ಕಾರಣ ಉಪ್ಪು, ಅದರ ಹಿಂದೆಯೇ ಮನೆಯಲ್ಲಿ ಜನ ಇಲ್ಲದಿರುವುದು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಿಜ. ಆದರೆ ಅದು ಸಿಹಿನೀರು. ಮೇಲಾಗಿ ನಿಮ್ಮ ಮನೆಯನ್ನು ಹಿಡಿದು ನಿಲ್ಲಿಸಿರುವುದು ಜಂಬಿಟ್ಟಿಗೆ ಕಲ್ಲು, ಸುಣ್ಣದ ಗಾರೆ ಮತ್ತು ಮರ. ಇವುಗಳ ಹೊಟ್ಟೆಯೊಳಗೆ ತುಕ್ಕು ಹಿಡಿಯುವಂಥದ್ದು ಏನೂ ಇಲ್ಲ. ಸಿಮೆಂಟಿನ ತಾರಸಿಯ ಬಲವಿರುವುದು ಒಳಗಿನ ಕಬ್ಬಿಣದ ಸರಳಿನಲ್ಲಿ. ಕಾಂಕ್ರೀಟು ಕ್ಷಾರಗುಣದ್ದಾದ್ದರಿಂದ ಸರಳಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಬೆಳೆದು ಅದನ್ನು ಕಾಪಾಡುತ್ತದೆ. ಕಡಲ ಗಾಳಿ ಹೊತ್ತು ತರುವ ಉಪ್ಪಿನಲ್ಲಿರುವ ಕ್ಲೋರೈಡು ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ಒಳಗಿಳಿದು ಆ ಪದರವನ್ನು ಮುರಿಯುತ್ತದೆ. ಒಮ್ಮೆ ಅದು ಮುರಿದರೆ ತುಕ್ಕು ಶುರುವಾಯಿತೆಂದೇ ಅರ್ಥ. ತುಕ್ಕಾದ ಕಬ್ಬಿಣ ತಾನು ಮೊದಲಿದ್ದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ಜಾಗ ಎಲ್ಲಿಂದ ಬರಬೇಕು? ಸುತ್ತಲಿನ ಕಾಂಕ್ರೀಟನ್ನು ಒಡೆದೇ ಬರಬೇಕು. ಸಜ್ಜದ ಅಡಿಯಲ್ಲಿ ಸರಳಿನ ಉದ್ದಕ್ಕೂ ಕೆಂಪು ಗೆರೆ ಮೂಡುವುದು, ಅಲ್ಲಿಂದ ಚಕ್ಕೆ ಏಳುವುದು, ಚಕ್ಕೆ ಬಿದ್ದಲ್ಲಿ ಸರಳು ಬತ್ತಲಾಗಿ ಮತ್ತಷ್ಟು ಬೇಗ ಸವೆಯುವುದು, ಹೀಗೆ ಸಾಗುತ್ತದೆ.

ಸರಳಿನ ಮೇಲೆ ಎಷ್ಟು ದಪ್ಪ ಕಾಂಕ್ರೀಟಿನ ಹೊದಿಕೆ ಇರಬೇಕೆಂಬುದನ್ನು ನಮ್ಮ ದೇಶದ ಮಾನಕ ಐಎಸ್ 456 ನಿಗದಿ ಮಾಡಿದೆ. 2000ದಲ್ಲಿ ಪರಿಷ್ಕರಿಸಿದ ಆ ಮಾನಕದಂತೆ, ಸೌಮ್ಯ ವಾತಾವರಣದಲ್ಲಿ 20 ಮಿಲಿಮೀಟರು ಸಾಕಾದರೆ ಕಡಲ ದಂಡೆಯಲ್ಲಿ ತೆರೆದುಕೊಂಡ ಭಾಗಕ್ಕೆ 45, ಕಡಲ ತುಂತುರು ನೇರವಾಗಿ ಹೊಡೆಯುವಲ್ಲಿ 50 ಬೇಕು. ಆ ಮನೆಗಳ ಮುರಿದ ಸಜ್ಜವೊಂದರಲ್ಲಿ ನಾನು ನನ್ನ ಹೆಬ್ಬೆರಳಿನ ಉಗುರನ್ನು ಅಡ್ಡ ಇಟ್ಟು ನೋಡಿದೆ. ಹೊದಿಕೆ ಉಗುರಿನ ಅಗಲಕ್ಕಿಂತ ಸ್ವಲ್ಪವೇ ಹೆಚ್ಚಿತ್ತು. ಘಟ್ಟದ ಮೇಲಿನ ಮೇಸ್ತ್ರಿ ತನ್ನ ಊರಿನ ಅಳತೆಯಲ್ಲಿ ಕಡಲ ಪಕ್ಕ ಕಟ್ಟಿದರೆ ಹೀಗಾಗುತ್ತದೆ. ಮರಳಿನ ಬಗ್ಗೆಯೂ ಅನುಮಾನವಿದೆ. ಹೊಳೆಯ ಮರಳಿನ ಬದಲು ಕೈಗೆ ಸಿಗುವ ಕಡಲ ಮರಳನ್ನು ಚೆನ್ನಾಗಿ ತೊಳೆಯದೆ ಬಳಸಿದರೆ, ಉಪ್ಪು ಹೊರಗಿನಿಂದ ಬರುವವರೆಗೂ ಕಾಯಬೇಕಾಗಿಲ್ಲ.

ಇನ್ನು ಜನ ಇಲ್ಲದಿರುವುದು. ನಿಮ್ಮ ಮನೆಯಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಯಾರಾದರೂ ಮಾಡಿಗೆ ಹತ್ತಿ ಹೆಂಚು ಕೈಯಾಡಿಸುತ್ತಾರೆ, ಒಡೆದದ್ದನ್ನು ಬದಲಿಸುತ್ತಾರೆ, ಗಾಳಿಮಳೆ ಹೊಡೆಯುವ ಕಡೆಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಒಲೆಯ ಹೊಗೆ ಅಟ್ಟದ ತೊಲೆ ಜಂತಿಗಳಿಗೆ ಹುಳ ಹತ್ತದಂತೆ ಕಾಯುತ್ತದೆ. ಆ ಬಡಾವಣೆಯ ಮನೆಗಳಿಗೂ ತಾರಸಿಯ ಮುಂದೆ ಮಂಗಳೂರು ಹೆಂಚಿನ ಜಗಲಿಗಳಿದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಕರಾವಳಿಗೂ ಮಲೆನಾಡಿಗೂ ಒಗ್ಗಿ ಬಂದ ಹೆಂಚು ಅದು. ಉಪ್ಪಿಗೆ ಅಷ್ಟಾಗಿ ಬಗ್ಗುವುದಿಲ್ಲ. ಆದರೆ ಒಂದು ಹೆಂಚು ಜಾರಿದಾಗ ಅದನ್ನು ಮೇಲಕ್ಕೆ ತಳ್ಳುವ ಕೈ ಬೇಕು. ನಾನು ನೋಡಿದ ಒಂದು ಜಗಲಿಯಲ್ಲಿ ಹೆಂಚು ಜಾರಿದ ಸಂದಿನ ಕೆಳಗೆ ರೀಪು ಕೊಳೆತು, ರೀಪಿನ ಕೆಳಗೆ ಪಕಾಸು ಕೊಳೆತು, ಅದರ ನೇರಕ್ಕೆ ನೆಲದ ಕಾವಿಯಲ್ಲಿ ಒಂದು ಬಟ್ಟಲಿನಷ್ಟು ಗುಂಡಿ ಬಿದ್ದಿತ್ತು. ಅದರಲ್ಲಿ ನೀರು, ನೀರಿನಲ್ಲಿ ಗೊದಮೊಟ್ಟೆ. ಪಕ್ಕದ ಮನೆಯವರು ಪ್ರತಿ ದಸರಾಕ್ಕೂ ಬಂದು ನಾಲ್ಕು ದಿನ ಇದ್ದು ಹೋಗುತ್ತಾರಂತೆ. ಅದೇ ವರ್ಷ, ಅದೇ ಮೇಸ್ತ್ರಿ ಕಟ್ಟಿದ ಆ ಮನೆಗೆ ಬಣ್ಣ ಮಾಸಿದೆಯೇ ಹೊರತು ಬೇರೇನೂ ಆಗಿಲ್ಲ. ಎರಡು ಮನೆಗಳ ನಡುವೆ ಇರುವುದು ಒಂದು ದಾಸವಾಳದ ಬೇಲಿ ಮಾತ್ರ.

ನೋಡಲು ಹೋಗುವವರು ಇದರಿಂದ ತಿಳಿಯಬೇಕಾದ ಎಚ್ಚರಿಕೆಯೂ ಇದೆ. ಇಂಥ ಮನೆಗಳ ಬಾಲ್ಕನಿಯ ಮೇಲೆ ಕಾಲಿಡಬಾರದು, ಸಜ್ಜದ ಅಡಿಯಲ್ಲಿ ನಿಲ್ಲಬಾರದು, ಕಬ್ಬಿಣದ ಕಂಬಿಗೆ ಒರಗಬಾರದು. ಕೆಂಪು ಗೆರೆ ಕಾಣದಿದ್ದರೂ ಕೋಲಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಒಳಗೆ ಕಾಂಕ್ರೀಟು ಬಿಟ್ಟುಕೊಂಡಿದೆ ಎಂದೇ ತಿಳಿಯಬೇಕು. ಗಿಡ ಬೆಳೆದ ಹಿತ್ತಲಿನಲ್ಲಿ ತೆರೆದ ಬಾವಿ, ಮುಚ್ಚಳ ಕುಸಿದ ಶೌಚದ ಗುಂಡಿ ಇವು ಎಲೆಯ ಅಡಿಯಲ್ಲಿ ಕಾಣಿಸುವುದಿಲ್ಲ.

ಪ್ರಶ್ನೆ: ಅಂಥದೇ ಒಂದು ಕಡೆ, ಕಡಲಿಗೆ ಮುಖ ಮಾಡಿದ ಹಳೆಯ ಮನೆಯೊಂದು ಕಡಿಮೆ ಬೆಲೆಗೆ ಮಾರಾಟಕ್ಕಿದೆ. ನಿವೃತ್ತಿಯ ಹಣದಲ್ಲಿ ಕೊಳ್ಳಬಹುದೇ? ಮೊದಲಿನವರು ಏಕೆ ಬಿಟ್ಟು ಹೋಗುತ್ತಾರೆ?
— ನಿವೃತ್ತ ನೌಕರರು, ಭದ್ರಾವತಿ

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಕ್ಕೀತು. ನಾನು ಮಾತನಾಡಿಸಿದ ಮಾಲೀಕರಲ್ಲಿ ಯಾರೂ ಒಂದೇ ದಿನ ಬಿಟ್ಟು ಹೋದವರಲ್ಲ. ಮಕ್ಕಳು ಚಿಕ್ಕವರಿದ್ದಾಗ ಪ್ರತಿ ಬೇಸಿಗೆಗೂ ಬರುತ್ತಿದ್ದರು. ಮಕ್ಕಳು ಬೆಳೆದು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮೇಲೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಮೂರು ವರ್ಷಕ್ಕೊಮ್ಮೆ. ಹತ್ತು ಮಂದಿ ಬರುವುದನ್ನು ನಿಲ್ಲಿಸಿದಾಗ ಸಂಘದ ನಿರ್ವಹಣಾ ವಂತಿಗೆ ಬರುವುದೂ ನಿಂತಿತು, ವಂತಿಗೆ ಬಾರದೆ ಈಜುಕೊಳ ಬತ್ತಿತು, ಪಂಪು ಕೆಟ್ಟಿತು, ಅದನ್ನು ಕಂಡು ಉಳಿದವರಲ್ಲಿ ಇನ್ನು ಕೆಲವರು ಬೇಸತ್ತರು. 2020ರ ಕೋವಿಡ್ ಕಾಲದಲ್ಲಿ ಹಾಕಿದ ಬೀಗವನ್ನು ಮತ್ತೆ ತೆರೆಯಲೇ ಇಲ್ಲ ಎಂದವರೂ ಇದ್ದಾರೆ. ಅಲ್ಲಿಯ ಕೊಳವೆಬಾವಿಯ ನೀರು ಈಗ ಸಪ್ಪೆಯಾಗಿ ಉಳಿದಿಲ್ಲ. ದಂಡೆಯಲ್ಲಿ ಸಿಹಿನೀರನ್ನು ಅತಿಯಾಗಿ ಎತ್ತಿದರೆ ಕಡಲ ಉಪ್ಪುನೀರು ನೆಲದಡಿಯಿಂದ ಒಳಕ್ಕೆ ಸರಿದು ಬರುತ್ತದೆ.

ಇನ್ನೊಂದು ಕಾರಣ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಕೇಂದ್ರ ಸರ್ಕಾರ ಅದನ್ನು ಮೊದಲು ಹೊರಡಿಸಿದ್ದು 1991ರಲ್ಲಿ. ಆಮೇಲೆ 2011 ಮತ್ತು 2019ರಲ್ಲಿ ಹೊಸದಾಗಿ ಹೊರಡಿಸಿತು. ಭರತದ ಗೆರೆಯಿಂದ, ಎಂದರೆ ಉಬ್ಬರದಲ್ಲಿ ಕಡಲ ನೀರು ಏರುವ ಮಿತಿಯಿಂದ, 500 ಮೀಟರುಗಳವರೆಗಿನ ಜಾಗ ಅದರ ವ್ಯಾಪ್ತಿಗೆ ಬರುತ್ತದೆ. ಗ್ರಾಮಾಂತರ ದಂಡೆಯಲ್ಲಿ ಮೊದಲ 200 ಮೀಟರುಗಳನ್ನು ಅಭಿವೃದ್ಧಿ ನಿಷಿದ್ಧ ಪ್ರದೇಶವೆಂದು ಗುರುತಿಸಲಾಗಿತ್ತು, 2019ರ ಅಧಿಸೂಚನೆ ಜನದಟ್ಟಣೆ ಹೆಚ್ಚಿರುವ ಕಡೆ ಮಾತ್ರ ಇದನ್ನು 50ಕ್ಕೆ ಇಳಿಸಿತು. 1991ಕ್ಕೆ ಮೊದಲು ಪರವಾನಗಿ ಪಡೆದು ಕಟ್ಟಿದ ಮನೆಯನ್ನು ಅದರ ತಳಪಾಯದ ಅಳತೆ ಮೀರದಂತೆ ದುರಸ್ತಿ ಮಾಡಿಕೊಳ್ಳಬಹುದು. ಕೆಡವಿ ಎರಡಂತಸ್ತಿನ ಹೋಂಸ್ಟೇ ಏಳಿಸುತ್ತೇನೆಂದರೆ ಆಗುವುದಿಲ್ಲ. ಹಾಗಾಗಿ ಹಣವುಳ್ಳವರೂ ಕೊಳ್ಳಲು ಮುಂದೆ ಬರುವುದಿಲ್ಲ. ನಿಮಗೆ ಹೇಳಿರುವ ಕಡಿಮೆ ಬೆಲೆಯ ಹಿಂದೆ ಇದೂ ಇರಬಹುದು.

ಮನೆಯ ಮೂಲ ಪರವಾನಗಿ, ಪಂಚಾಯಿತಿಯ ದಾಖಲೆ, ಕಳೆದ ಮೂವತ್ತು ವರ್ಷಗಳ ಋಣಭಾರ ಪತ್ರ ಇವನ್ನು ನೋಡದೆ ಮುಂಗಡ ಕೊಡಬೇಡಿ. ಮಾಲೀಕರು ತೀರಿಕೊಂಡಿದ್ದರೆ ಎಲ್ಲ ವಾರಸುದಾರರ ಸಹಿಯೂ ಬೇಕು. ಆ ಬಡಾವಣೆಯಲ್ಲಿ ಎರಡು ಮನೆಗಳು ಇದೊಂದೇ ಕಾರಣಕ್ಕೆ ಮಾರಾಟವಾಗದೆ ನಿಂತಿವೆ. ಆಷಾಢದಲ್ಲಿ ಒಮ್ಮೆ ಹೋಗಿ ಅಲೆ ಎಲ್ಲಿಯವರೆಗೆ ಬರುತ್ತದೆ ಎಂದು ನಿಮ್ಮ ಕಣ್ಣಾರೆ ನೋಡಿ. ಉಳ್ಳಾಲ, ಮರವಂತೆ ಕಡೆ ಕಡಲ್ಕೊರೆತವನ್ನು ಕಂಡವರು ಯಾರೂ ಬೇಸಿಗೆಯಲ್ಲಿ ದಂಡೆಯ ಜಾಗವನ್ನು ಅಳೆದು ನಂಬುವುದಿಲ್ಲ. ಇಷ್ಟಾದ ಮೇಲೂ ಮನಸ್ಸಿದ್ದರೆ, ವರ್ಷಕ್ಕೆ ಕನಿಷ್ಠ ಎರಡು ತಿಂಗಳು ಅಲ್ಲಿ ವಾಸವಿರುವವರು ಮಾತ್ರ ಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಜನ ಬಿಟ್ಟುಹೋದ ಕಡಲ ದಂಡೆಯ ಊರುಗಳು ಬೇರೆಡೆ ಎಲ್ಲಿವೆ? ಪಾಠಕ್ಕೆ ಹೊಂದುವಂಥವನ್ನು ತಿಳಿಸಿ.
— ಶಿಕ್ಷಕಿ, ಶಿವಮೊಗ್ಗ

ಉತ್ತರ: ಮೂರನ್ನು ಹೇಳುತ್ತೇನೆ. ಮೊದಲನೆಯದು ಸೈಪ್ರಸ್ ದ್ವೀಪದ ವರೋಶಾ. ಫಾಮಗುಸ್ತಾ ನಗರದ ಈ ಕಡಲ ಮುಖದ ಭಾಗವು 1970ರ ದಶಕದ ಆರಂಭದಲ್ಲಿ ಎತ್ತರದ ಹೋಟೆಲುಗಳ, ಹೊರದೇಶದ ಪ್ರವಾಸಿಗರ ಜಾಗವಾಗಿತ್ತು. 1974ರ ಆಗಸ್ಟಿನಲ್ಲಿ ತುರ್ಕಿಯ ಸೇನೆ ಮುಂದುವರಿದು ಬಂದಾಗ ಅಲ್ಲಿಯ ಗ್ರೀಕ್ ಸೈಪ್ರಿಯಟರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಓಡಿದರು. ಸೇನೆ ಸುತ್ತಲೂ ಬೇಲಿ ಹಾಕಿತು. ಮೂಲ ನಿವಾಸಿಗಳ ಹೊರತು ಬೇರೆ ಯಾರನ್ನೂ ಅಲ್ಲಿ ನೆಲೆಗೊಳಿಸುವುದು ಒಪ್ಪತಕ್ಕದ್ದಲ್ಲ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1984ರಲ್ಲಿ ತನ್ನ 550ನೆಯ ನಿರ್ಣಯದಲ್ಲಿ ಹೇಳಿತು. 2020ರ ಅಕ್ಟೋಬರಿನಲ್ಲಿ ಒಂದು ಭಾಗವನ್ನು ಸಾರ್ವಜನಿಕರಿಗೆ ತೆರೆದರು. ಈಗ ಪ್ರವಾಸಿಗರು ಆ ಬೀದಿಗಳಲ್ಲಿ ನಡೆದಾಡುತ್ತಾರೆ, ಕಟ್ಟಡಗಳ ಒಳಗೆ ಹೋಗುವಂತಿಲ್ಲ. ಆ ಬೀದಿಯಲ್ಲಿ ಮನೆ ಬಿಟ್ಟವರು ಇನ್ನೂ ಬದುಕಿದ್ದಾರೆಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಿ. ತಮ್ಮದೇ ಮನೆಯ ಬಾಲ್ಕನಿಯನ್ನು ರಸ್ತೆಯಲ್ಲಿ ನಿಂತು ನೋಡಬೇಕಾದ ಸ್ಥಿತಿ ಅವರದು.

ಎರಡನೆಯದು ಜರ್ಮನಿಯ ರ‍್ಯೂಗೆನ್ ದ್ವೀಪದ ಪ್ರೋರಾ. ನಾಜಿ ಸರ್ಕಾರ ಕಾರ್ಮಿಕರ ರಜೆಗೆಂದು 1936ರಲ್ಲಿ ಆರಂಭಿಸಿ, ಬಾಲ್ಟಿಕ್ ಕಡಲ ದಂಡೆಯುದ್ದಕ್ಕೂ ಸುಮಾರು ನಾಲ್ಕೂವರೆ ಕಿಲೋಮೀಟರು ಎಳೆದ ಒಂದೇ ಬಗೆಯ ಕಟ್ಟಡಗಳ ಸಾಲು ಅದು. ಒಮ್ಮೆಗೆ 20,000 ಜನ ಇರಬೇಕೆಂಬುದು ಲೆಕ್ಕ. 1939ರಲ್ಲಿ ಯುದ್ಧ ಶುರುವಾಗಿ ಕೆಲಸ ನಿಂತಿತು. ಯಾವ ಕಾರ್ಮಿಕನೂ ಅಲ್ಲಿ ರಜೆ ಕಳೆಯಲಿಲ್ಲ. ಮುಂದೆ ಸೇನೆಗಳು ಬಳಸಿದವು, ಬಿಟ್ಟವು. 2011ರಲ್ಲಿ ಒಂದು ಭಾಗ ಯುವ ವಸತಿಗೃಹವಾಯಿತು, ಇನ್ನು ಕೆಲವು ಭಾಗಗಳು ಹೋಟೆಲು, ವಸತಿಗಳಾಗಿವೆ.

ಮೂರನೆಯದು ನಮ್ಮ ನೆರೆಯ ತಮಿಳುನಾಡಿನದೇ ಆದ ಧನುಷ್ಕೋಟಿ. ಅದು ರಜೆಯ ಊರಲ್ಲ. ಯಾತ್ರಿಕರ ಮತ್ತು ಸಿಂಹಳಕ್ಕೆ ಹಡಗು ಹತ್ತುವವರ ಊರು. 1964ರ ಡಿಸೆಂಬರ್ 22ರ ರಾತ್ರಿಯಿಂದ 23ರ ನಸುಕಿನೊಳಗೆ ಚಂಡಮಾರುತದ ಅಲೆ ಆ ಊರನ್ನೂ ಪಾಂಬನ್ನಿನಿಂದ ಬರುತ್ತಿದ್ದ ರೈಲನ್ನೂ ಒಳಗಿದ್ದ ಜನರೊಂದಿಗೆ ಕೊಚ್ಚಿಕೊಂಡು ಹೋಯಿತು. ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಸಾರಿತು. ಚರ್ಚಿನ, ರೈಲು ನಿಲ್ದಾಣದ ಗೋಡೆಗಳು ಮರಳಿನಲ್ಲಿ ಈಗಲೂ ನಿಂತಿವೆ. ಆದರೆ ಮೀನುಗಾರರ ಕುಟುಂಬಗಳು ಅಲ್ಲೇ ಗುಡಿಸಲು ಹಾಕಿಕೊಂಡು ಬದುಕುತ್ತಿವೆ, ಬಂದವರಿಗೆ ಚಿಪ್ಪಿನ ಸರ, ಕರಿದ ಮೀನು ಮಾರುತ್ತವೆ. ಜನರಿಲ್ಲದ ಊರೆಂದು ಅದನ್ನು ಕರೆಯುವವರು ಇವರನ್ನು ಲೆಕ್ಕಕ್ಕೇ ಹಿಡಿದಿಲ್ಲ. ಇನ್ನೊಂದು ಮಾತು: ಶರಾವತಿಗೆ ಅಡ್ಡ ನಿಂತು ಊರುಗಳನ್ನು ಮುಳುಗಿಸಿದ ನಮ್ಮ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ ಅದೇ 1964ರಲ್ಲಿ. ಶಿವಮೊಗ್ಗದ ಮಕ್ಕಳಿಗೆ ಈ ಪಾಠ ಹೇಳುವಾಗ ಎರಡನ್ನೂ ಒಟ್ಟಿಗೆ ಹೇಳಬಹುದು. ನಿಮ್ಮ ತರಗತಿಯಲ್ಲೇ ಮುಳುಗಡೆಯ ಕುಟುಂಬಗಳ ಮೊಮ್ಮಕ್ಕಳು ಇರುತ್ತಾರೆ.

ಪ್ರಶ್ನೆ: ಕುಟುಂಬ ಸಮೇತ ಇಂಥ ಕಡೆ ಹೋಗಲು ಯಾವ ತಿಂಗಳು ಒಳ್ಳೆಯದು?
— ಗೃಹಿಣಿ, ಹೊಸನಗರ

ಉತ್ತರ: ನವೆಂಬರಿನಿಂದ ಫೆಬ್ರವರಿ. ನಿಮಗೆ ಹುಲಿಕಲ್ ಘಾಟಿ ಹತ್ತಿರ. ಮಳೆಗಾಲದಲ್ಲಿ ಮಣ್ಣು ಕುಸಿಯುವ ದಾರಿಯಾದ್ದರಿಂದ ಆಗ ಬೇಡ. ಸಂಜೆ ನಾಲ್ಕರೊಳಗೆ ನೋಡಿ ಮುಗಿಸಿ; ಅರ್ಧ ಖಾಲಿಯಾದ ಕಡೆ ಬೀದಿದೀಪಗಳಿರುವುದಿಲ್ಲ. ಪಾದ ಮುಚ್ಚುವ ಬೂಟು ಹಾಕಿ, ಕೈಯಲ್ಲಿ ಕೋಲಿರಲಿ. ಖಾಲಿ ಮನೆಯ ಸೂರಿನಡಿ ಕಡಜದ ಗೂಡು, ಹೆಂಚಿನ ರಾಶಿಯಲ್ಲಿ ಹಾವು ಇರುವುದು ಸಾಮಾನ್ಯ. ಘಟ್ಟದ ಮೇಲಿನ ಪಾಳುಬಿದ್ದ ಊರು, ಕಾಡಂಚಿನ ಹಳೆಯ ಮನೆಗಳನ್ನು ನೋಡಲು ಹೋಗುವುದಾದರೆ ಮಂಗನ ಕಾಯಿಲೆಯನ್ನು ಮರೆಯಬೇಡಿ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಗುರುತಿಸಿದ ರೋಗ ಅದು, ಉಣುಗಿನಿಂದ ಹರಡುತ್ತದೆ, ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ.

ಪ್ರಶ್ನೆ: ನಮ್ಮ ತಾಯಿ ಹುಟ್ಟಿದ ಊರು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮನೆಯ ತಳಪಾಯ, ಬಾವಿಕಟ್ಟೆ, ಅಜ್ಜಿಯ ಒರಳುಕಲ್ಲು ಮೇಲೆ ಕಾಣಿಸುತ್ತವೆ. ಸಿಗಂದೂರಿನ ಸೇತುವೆ ಆದ ಮೇಲೆ ಹುಡುಗರು ಗುಂಪಾಗಿ ಬಂದು, ಒರಳಿನ ಮೇಲೆ ಕಾಲಿಟ್ಟು ವಿಡಿಯೊ ಮಾಡಿಕೊಳ್ಳುತ್ತಾರೆ. ತಾಯಿಗೆ ಈಗ ಎಂಬತ್ತು; ಅದನ್ನು ಮೊಬೈಲಿನಲ್ಲಿ ನೋಡಿ ಎರಡು ದಿನ ಊಟ ಮಾಡಲಿಲ್ಲ. ನಿಮ್ಮ ಲೇಖನ ಓದಿ, ನೀವೂ ಹಾಗೆಯೇ ನೋಡಲು ಹೋದವರಲ್ಲವೇ ಎನ್ನಿಸಿತು. ಒರಳನ್ನು ಮನೆಗೆ ತಂದುಬಿಡಲೇ?
— ಓದುಗರು, ಸಾಗರ ತಾಲ್ಲೂಕು

ಉತ್ತರ: ಹೌದು, ನಾನೂ ಹಾಗೆಯೇ ಹೋದವನು. ಹೊಸ್ತಿಲಲ್ಲಿ ಆ ತಾಯಿ ತಡೆಯದಿದ್ದರೆ ಒಳಗೂ ಹೋಗಿರುತ್ತಿದ್ದೆ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ರಜೆಯ ಮನೆಗೂ ಮುಳುಗಡೆಯ ಮನೆಗೂ ದೊಡ್ಡ ಅಂತರವಿದೆ. ಕಾಟೇಜಿನವರು ತಾವಾಗಿ ಬರುವುದನ್ನು ಬಿಟ್ಟವರು, ಅವರಿಗೆ ಬೇರೆ ಮನೆಗಳಿದ್ದವು. ನಿಮ್ಮ ತಾಯಿಯವರ ಊರನ್ನು ನಾಡಿಗೆಲ್ಲ ವಿದ್ಯುತ್ತು ಬೇಕೆಂದು ನೀರಿಗೆ ಕೊಟ್ಟರು; ಏಳಿಸಿದ ಕುಟುಂಬಗಳು ಕಾಡಂಚಿನಲ್ಲಿ ಬಿಡಾರ ಹೂಡಿ, ಆ ನೆಲದ ಹಕ್ಕುಪತ್ರಕ್ಕಾಗಿ ಅರವತ್ತು ವರ್ಷ ಕಳೆದರೂ ಅಲೆಯುತ್ತಲೇ ಇವೆ. ಅದಕ್ಕೂ ಹಿಂದೆ, 1940ರ ದಶಕದಲ್ಲಿ ಮುಗಿದ ಹಿರೇಭಾಸ್ಕರದ ಮಡೆನೂರು ಅಣೆಕಟ್ಟು ಇತ್ತು. ಅದು ಊರುಗಳನ್ನು ಮುಳುಗಿಸಿತು, ಲಿಂಗನಮಕ್ಕಿ ಬಂದಾಗ ತಾನೂ ಮುಳುಗಿತು. ನೀರು ತಳ ಕಂಡ ವರ್ಷಗಳಲ್ಲಿ ಅದು ಮೇಲೆ ಬಂದಾಗ ಜನ ಜಾತ್ರೆಯಂತೆ ನೋಡಲು ಹೋಗುತ್ತಾರೆ. ಅಣೆಕಟ್ಟನ್ನು ನೋಡಲು ಹೋಗುವವರು ದಾರಿಯಲ್ಲಿ ಸಿಗುವ ತಳಪಾಯಗಳನ್ನು ಕಲ್ಲಿನ ಸಾಲೆಂದು ದಾಟಿಹೋಗುತ್ತಾರೆ. ಅವು ಜಗಲಿ, ನಡುಮನೆ, ಕೊಟ್ಟಿಗೆ ಎಂದು ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ಒರಳನ್ನು ತರುವುದೋ ಬಿಡುವುದೋ ಎಂಬುದನ್ನು ತಾಯಿಯವರೇ ನಿರ್ಧರಿಸಲಿ, ಅದೂ ಅಲ್ಲೇ ನಿಂತು. ಬರುವ ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುಂಚೆ, ಅವರನ್ನು ಕರೆದುಕೊಂಡು ಹೋಗಿ. ಹಿನ್ನೀರಿನ ಅಂಚಿನ ಹೂಳು ಮೇಲೆ ಒಣಗಿ ಬಿರಿದಂತೆ ಕಂಡರೂ ಒಳಗೆ ಮೊಣಕಾಲಿನವರೆಗೆ ಹುಗಿಯುವಷ್ಟು ಹಸಿಯಿರುತ್ತದೆ. ಪ್ರತಿ ವರ್ಷ ಅಲ್ಲಿ ದನ ಮೇಯಿಸುವವರು ಅಥವಾ ಮೀನು ಹಿಡಿಯುವವರು ಯಾರಾದರೂ ಮುಂದೆ ನಡೆಯಲಿ, ತಾಯಿಯವರಿಗೆ ಒಂದು ಕುರ್ಚಿ ಹೊತ್ತುಕೊಂಡು ಹೋಗಿ. ಒಂದು ದೊಡ್ಡ ಹಾಳೆಯನ್ನೂ ಪೆನ್ಸಿಲನ್ನೂ ಒಯ್ಯಿರಿ. ಬಾವಿಕಟ್ಟೆಯಿಂದ ಶುರು ಮಾಡಿ, ಎಡಗಡೆಯ ಮನೆ ಯಾರದು, ಅದರಾಚೆ ಯಾರದು, ದಾರಿ ಎಲ್ಲಿ ತಿರುಗುತ್ತಿತ್ತು, ಕಣ ಎಲ್ಲಿತ್ತು ಎಂದು ಅವರು ಹೇಳಿದಂತೆ ಬರೆದುಕೊಳ್ಳಿ. ಮನೆಯಲ್ಲಿ ಕುಳಿತು ನೆನಪಾಗದ್ದು ಆ ಕಲ್ಲುಗಳನ್ನು ಕಂಡಾಗ ನೆನಪಾಗುತ್ತದೆ. ನಕ್ಷೆ ಪೂರ್ತಿಯಾದರೆ ಒಂದು ಪ್ರತಿಯನ್ನು ನಮಗೂ ಕಳಿಸಿ. ಈ ಅಂಕಣದ ಜಾಗವನ್ನು ಒಂದು ತಿಂಗಳು ಅದಕ್ಕೇ ಬಿಟ್ಟುಕೊಡುತ್ತೇನೆ.

ಆ ಹುಡುಗರು ಅಂದೂ ಅಲ್ಲಿ ಸಿಗಬಹುದು. ನೀವು ಗದರಬೇಡಿ. ಅವರು ಯಾರ ಮನೆಗೆ ಬಂದವರು ಎಂದು ತಾಯಿಯವರೇ ಕೇಳಲಿ. ಅವರಿಗೆ ಗೊತ್ತಿರುವುದಿಲ್ಲ; ಆಗ ತಾಯಿಯವರು ಒರಳಿನ ಪಕ್ಕ ಕುಳಿತು, ಇದು ನಮ್ಮ ಅಮ್ಮ ಹಿಟ್ಟು ರುಬ್ಬುತ್ತಿದ್ದ ಜಾಗ, ನೀನು ನಿಂತಿರುವುದು ನಮ್ಮ ಅಡುಗೆಮನೆ ಎಂದು ಹೇಳಲಿ.